ಸಣ್ಣ ಆನ್‌ಲೈನ್ ಅಂಗಡಿಗೆ ಯಾವ ಭಾಷೆ: ಪಿಎಚ್‌ಪಿ, ಪೈಥಾನ್, ನೋಡ್, ರೂಬಿಗಳ ಹೋಲಿಕೆ

ಹತ್ತಿಪ್ಪತ್ತು ಸಾಮಾನುಗಳನ್ನು ಮಾರುವ ಸಣ್ಣ ಆನ್‌ಲೈನ್ ಅಂಗಡಿಯೊಂದನ್ನು ತಾವೇ ಬರೆದು ನಿಲ್ಲಿಸಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಭಾಷೆಯ ಬಗ್ಗೆ: ಪಿಎಚ್‌ಪಿಯೋ, ಪೈಥಾನೋ, ನೋಡ್ (ಜಾವಾಸ್ಕ್ರಿಪ್ಟನ್ನು ಸರ್ವರಿನಲ್ಲಿ ಓಡಿಸುವ ಸಲಕರಣೆ) ಮೇಲಿನ ಜಾವಾಸ್ಕ್ರಿಪ್ಟೋ, ರೂಬಿಯೋ? ಆದರೆ ಉತ್ತರ ಹುಡುಕುವಾಗ ಅವರು ಹೋಲಿಸಿ ನೋಡುವುದು ಅಂಗಡಿಯ ಮುಂಬಾಗಿಲನ್ನು ಮಾತ್ರ. ಸಾಮಾನುಗಳ ಪಟ್ಟಿ, ಚಿತ್ರ, ಕಾರ್ಟ್‌ಗೆ ಹಾಕುವ ಗುಂಡಿ ಇವಿಷ್ಟನ್ನು ನಾಲ್ಕರಲ್ಲಿ ಯಾವುದರಲ್ಲಿ ಬರೆದರೂ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಕೊಳ್ಳುವವರಿಗೆ ವ್ಯತ್ಯಾಸ ತಿಳಿಯುವುದೂ ಇಲ್ಲ. ವ್ಯತ್ಯಾಸ ಹೊರಬೀಳುವುದು ಅಂಗಡಿಯ ಹಿಂಬದಿಯಲ್ಲಿ, ಅಂದರೆ ಬಂದ ಆರ್ಡರನ್ನು ನೋಡುವ, ಬೆಲೆ ತಿದ್ದುವ, ಸ್ಟಾಕ್ ಇಳಿಸುವ, ಹಣ ಹಿಂದಿರುಗಿಸುವ, ಎರಡು ವರ್ಷ ಕಳೆದ ಮೇಲೆ ಬೇರೆಯವರು ಬರೆದಿಟ್ಟ ಹಳೆಯ ಕೋಡ್ ಲೈಬ್ರರಿಯನ್ನು ಹೊಸ ಆವೃತ್ತಿಗೆ ಏರಿಸುವ ಕೆಲಸದಲ್ಲಿ. ಆದ್ದರಿಂದ ಈ ಹೋಲಿಕೆಯನ್ನು ಹಿಂಬದಿಯಿಂದಲೇ ಆರಂಭಿಸುತ್ತೇನೆ.

ಏನನ್ನು ಅಳೆಯಬೇಕು

ಮೊದಲ ಅಳತೆಗೋಲು ಸ್ಟಾಕ್. ಒಂದು ಸಾಮಾನಿನ ಕೊನೆಯ ನಗವೊಂದೇ ಉಳಿದಿದೆ ಎಂದುಕೊಳ್ಳೋಣ. ಇಬ್ಬರು ಗ್ರಾಹಕರು ಒಂದೇ ಕ್ಷಣದಲ್ಲಿ ‘ಕೊಳ್ಳಿ’ ಎಂಬುದನ್ನು ಒತ್ತುತ್ತಾರೆ. ಮೊದಲನೆಯವರ ಕೋರಿಕೆ ಡೇಟಾಬೇಸನ್ನು ಕೇಳುತ್ತದೆ, ‘ಒಂದು ಇದೆ’ ಎಂಬ ಉತ್ತರ ಬರುತ್ತದೆ. ಅದು ಸ್ಟಾಕನ್ನು ಸೊನ್ನೆಗೆ ಇಳಿಸುವ ಮುನ್ನವೇ ಎರಡನೆಯವರ ಕೋರಿಕೆಯೂ ಕೇಳಿ ಅದೇ ಉತ್ತರವನ್ನು ಪಡೆಯುತ್ತದೆ. ಈಗ ಇಬ್ಬರಿಗೂ ಸಾಮಾನು ಮಾರಿಹೋಗಿದೆ, ಇರುವುದು ಒಂದೇ. ಇದನ್ನು ತಡೆಯುವ ದಾರಿ ಎಲ್ಲ ಭಾಷೆಗಳಲ್ಲೂ ಒಂದೇ: ಮೊದಲು ಓದಿ ಆಮೇಲೆ ಬರೆಯುವ ಬದಲು, ‘ಸ್ಟಾಕ್ ಸೊನ್ನೆಗಿಂತ ಹೆಚ್ಚಿದ್ದರೆ ಮಾತ್ರ ಒಂದನ್ನು ಕಳೆ’ ಎಂಬ ಒಂದೇ ಆಜ್ಞೆಯನ್ನು ಡೇಟಾಬೇಸಿಗೆ ಕೊಟ್ಟು, ಎಷ್ಟು ಸಾಲು ಬದಲಾಯಿತೆಂದು ನೋಡುವುದು. ಒಂದು ಸಾಲು ಬದಲಾಗಿದ್ದರೆ ಆರ್ಡರ್ ಮುಂದುವರಿಯುತ್ತದೆ, ಯಾವ ಸಾಲೂ ಬದಲಾಗದಿದ್ದರೆ ‘ಖಾಲಿಯಾಗಿದೆ’ ಎಂದು ಹೇಳಬೇಕಾಗುತ್ತದೆ. ಭಾಷೆಯನ್ನು ಆರಿಸುವಾಗ ಕೇಳಬೇಕಾದದ್ದು ಇದು: ಈ ಆಜ್ಞೆಯನ್ನು ನಾನು ನೆನಪಿಟ್ಟು ಬರೆಯಬೇಕೇ, ಅಥವಾ ನನ್ನ ಸಲಕರಣೆಯೇ ನನ್ನನ್ನು ಅತ್ತ ನಡೆಸುತ್ತದೆಯೇ?

ಎರಡನೆಯದು ಹಣದ ಲೆಕ್ಕ. ಕಂಪ್ಯೂಟರಿನ ಸಾಮಾನ್ಯ ದಶಮಾಂಶ ಸಂಖ್ಯೆಗಳು ದ್ವಿಮಾನ ಪದ್ಧತಿಯಲ್ಲಿ ಕೂತಿರುವುದರಿಂದ 0.1 ಮತ್ತು 0.2ನ್ನು ಕೂಡಿದರೆ 0.30000000000000004 ಬರುತ್ತದೆ. ಇದು ನಗೆಯ ವಿಷಯದಂತೆ ಕಂಡರೂ, 19.99 ಎಂಬ ಬೆಲೆಯನ್ನು 100ರಿಂದ ಗುಣಿಸಿ ಪೂರ್ಣಾಂಕಕ್ಕೆ ಕತ್ತರಿಸಿದಾಗ 1999ರ ಬದಲು 1998 ಸಿಗುತ್ತದೆಂದು ತಿಳಿದ ಮೇಲೆ ನಗು ನಿಲ್ಲುತ್ತದೆ, ಏಕೆಂದರೆ ಗ್ರಾಹಕರ ಹಣವನ್ನು ನಿಮಗೆ ಮುಟ್ಟಿಸುವ ಅನೇಕ ಪೇಮೆಂಟ್ ಗೇಟ್‌ವೇ ಸೇವೆಗಳು ಮೊತ್ತವನ್ನು ಕೇಳುವುದೇ ಹಣದ ಅತಿ ಚಿಕ್ಕ ಘಟಕದ ಪೂರ್ಣಾಂಕದಲ್ಲಿ. ಪೈಥಾನಿನಲ್ಲಿ ಡೆಸಿಮಲ್ ಎಂಬ ನಿಖರ ಸಂಖ್ಯೆಯ ಬಗೆ ಭಾಷೆಯ ಜೊತೆಯಲ್ಲೇ ಬರುತ್ತದೆ, ರೂಬಿಯಲ್ಲಿ ಬಿಗ್‌ಡೆಸಿಮಲ್ ಇದೆ, ಪಿಎಚ್‌ಪಿಗೆ ಬಿಸಿಮ್ಯಾತ್ ಎಂಬ ವಿಸ್ತರಣೆಯಿದೆ. ಜಾವಾಸ್ಕ್ರಿಪ್ಟಿನಲ್ಲಿ ಅಂಥ ದಶಮಾಂಶ ಬಗೆ ಇಲ್ಲ. ಅಲ್ಲಿ ಬೆಲೆಗಳನ್ನು ಮೊದಲಿನಿಂದಲೂ ಪೂರ್ಣಾಂಕವಾಗಿಯೇ ಇಟ್ಟುಕೊಳ್ಳುವುದು ಕ್ಷೇಮ. ನಿಜ ಹೇಳಬೇಕೆಂದರೆ ಯಾವ ಭಾಷೆಯಲ್ಲಾದರೂ ನಾನು ಪೂರ್ಣಾಂಕವನ್ನೇ ಇಡುತ್ತೇನೆ.

ಮೂರನೆಯದು ಪಾವತಿ. ಕಾರ್ಡಿನ ಸಂಖ್ಯೆ ನಿಮ್ಮ ಸರ್ವರನ್ನು ಮುಟ್ಟಲೇಬಾರದು. ಗ್ರಾಹಕರನ್ನು ಗೇಟ್‌ವೇಯ ಪುಟಕ್ಕೆ ಕಳಿಸಿ ಅಲ್ಲಿಂದ ಬರಮಾಡಿಕೊಂಡರೆ, 2004ರಿಂದ ಜಾರಿಯಲ್ಲಿರುವ ಪಿಸಿಐ ಡಿಎಸ್ಎಸ್ ಎಂಬ ಕಾರ್ಡ್ ಭದ್ರತಾ ನಿಯಮಾವಳಿಯ ಬಹುಪಾಲು ಭಾರ ನಿಮ್ಮ ತಲೆಯಿಂದ ಇಳಿಯುತ್ತದೆ. ಉಳಿಯುವ ಕೆಲಸವೆಂದರೆ, ಹಣ ಬಂದಿತೆಂದು ಗೇಟ್‌ವೇ ನಿಮ್ಮ ಸರ್ವರಿಗೆ ಕಳಿಸುವ ವೆಬ್‌ಹುಕ್ ಸಂದೇಶವನ್ನು ಸರಿಯಾಗಿ ತೆಗೆದುಕೊಳ್ಳುವುದು. ಅದರ ಸಹಿಯನ್ನು ಪರೀಕ್ಷಿಸಬೇಕು, ಮತ್ತು ಅದೇ ಸಂದೇಶ ಎರಡು ಸಲ ಬರಬಹುದೆಂದು ಎಣಿಸಿಯೇ ಬರೆಯಬೇಕು. ನಾನು ಬರೆದ ಮೊದಲ ಅಂಗಡಿಯಲ್ಲಿ ಈ ಎಣಿಕೆ ಇರಲಿಲ್ಲ. ನನ್ನ ಸರ್ವರ್ ಉತ್ತರ ಕೊಡಲು ತಡಮಾಡಿದಾಗ ಗೇಟ್‌ವೇ ಅದೇ ಸಂದೇಶವನ್ನು ಮತ್ತೆ ಕಳಿಸುತ್ತಿತ್ತು, ನಾನು ಮತ್ತೆ ಸ್ಟಾಕ್ ಇಳಿಸುತ್ತಿದ್ದೆ. ಕಪಾಟಿನಲ್ಲಿ ಸಾಮಾನು ಇದ್ದೂ ಅಂಗಡಿ ‘ಖಾಲಿ’ ಎಂದು ತೋರಿಸುತ್ತಿದ್ದುದರ ಕಾರಣ ಹಿಡಿಯಲು ನನಗೆ ವಾರವೇ ಹಿಡಿಯಿತು. ಪಾವತಿಯ ಗುರುತುಸಂಖ್ಯೆಗೆ ಡೇಟಾಬೇಸಿನಲ್ಲಿ ‘ಎರಡನೆಯ ಸಲ ಬರಕೂಡದು’ ಎಂಬ ನಿರ್ಬಂಧ ಹಾಕಿದ್ದರೆ ಅಷ್ಟೇ ಸಾಕಾಗಿತ್ತು.

ಇನ್ನುಳಿದ ಅಳತೆಗಳು ಸುಲಭವಾಗಿ ಹೇಳುವಂಥವು: ಅಂಗಡಿಯನ್ನು ಓಡಿಸಲು ಎಂಥ ಹೋಸ್ಟಿಂಗ್ (ಬಾಡಿಗೆಯ ಸರ್ವರ್ ಜಾಗ) ಬೇಕು, ಆಡಳಿತ ಪುಟಗಳನ್ನು ನೀವೇ ಬರೆಯಬೇಕೋ ಸಿದ್ಧವಾಗಿ ಸಿಗುತ್ತವೆಯೋ, ಭದ್ರತಾ ತಿದ್ದುಪಡಿಗಳು ಎಷ್ಟು ವರ್ಷ ಬರುತ್ತವೆ, ಮತ್ತು ನೀವು ಇಲ್ಲದ ದಿನ ಬೇರೆ ಯಾರಾದರೂ ಅದನ್ನು ತೆರೆದು ಅರ್ಥಮಾಡಿಕೊಳ್ಳಬಲ್ಲರೋ. ವೇಗವನ್ನು ನಾನು ಈ ಪಟ್ಟಿಗೆ ಸೇರಿಸಿಯೇ ಇಲ್ಲ. ದಿನಕ್ಕೆ ಕೆಲವು ನೂರು ಆರ್ಡರುಗಳವರೆಗಿನ ಅಂಗಡಿಗೆ ಈ ನಾಲ್ಕೂ ಭಾಷೆಗಳು ಬೇಕಾದ್ದಕ್ಕಿಂತ ಹೆಚ್ಚೇ ವೇಗವಾಗಿವೆ. ಪುಟ ನಿಧಾನವಾದರೆ ಸಾಮಾನ್ಯವಾಗಿ ತಪ್ಪು ದೊಡ್ಡ ಚಿತ್ರಗಳದ್ದು.

ಪಿಎಚ್‌ಪಿ

1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಹೊರತಂದ ಪಿಎಚ್‌ಪಿಯ ಬಹುದೊಡ್ಡ ಬಲ ಅದರ ಹೋಸ್ಟಿಂಗ್. ಅನೇಕ ತಾಣಗಳು ಒಂದೇ ಸರ್ವರನ್ನು ಹಂಚಿಕೊಳ್ಳುವ, ಅತಿ ಕಡಿಮೆ ದರದ ಹಂಚಿಕೆಯ ಹೋಸ್ಟಿಂಗಿನಲ್ಲಿಯೂ ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಡೇಟಾಬೇಸ್ ಸಿದ್ಧವಾಗಿರುತ್ತವೆ. ಫೈಲನ್ನು ಏರಿಸಿದರೆ ಅಂಗಡಿ ತೆರೆದಂತೆಯೇ. ಪ್ರತಿಯೊಂದು ಕೋರಿಕೆಯೂ ಖಾಲಿ ಹಲಗೆಯಿಂದ ಶುರುವಾಗಿ, ಉತ್ತರ ಕೊಟ್ಟು, ಎಲ್ಲವನ್ನೂ ಮರೆತು ಮುಗಿಯುತ್ತದೆ. ಆದ್ದರಿಂದ ಒಂದು ಪುಟದಲ್ಲಿ ತಪ್ಪಾದರೆ ಆ ಒಂದು ಕೋರಿಕೆ ಮಾತ್ರ ಕೆಡುತ್ತದೆ, ಉಳಿದ ಗ್ರಾಹಕರ ವ್ಯಾಪಾರ ನಡೆಯುತ್ತಲೇ ಇರುತ್ತದೆ. ಒಬ್ಬರೇ ಎಲ್ಲವನ್ನೂ ನೋಡಿಕೊಳ್ಳುವ ಅಂಗಡಿಗೆ, ಅದರಲ್ಲೂ ಆ ಒಬ್ಬರು ರಾತ್ರಿ ನಿದ್ದೆ ಮಾಡಬೇಕೆಂದು ಬಯಸಿದರೆ, ಇದು ಸಣ್ಣ ಅನುಕೂಲವಲ್ಲ. ಕಾರ್ಟನ್ನು ನೆನಪಿಡುವ ಸೆಷನ್ ಸೌಲಭ್ಯವೂ, ಪಾಸ್‌ವರ್ಡನ್ನು ಸುರಕ್ಷಿತವಾಗಿ ಕೂಡಿಡುವ ಫಂಕ್ಷನ್ನೂ ಭಾಷೆಯೊಳಗೇ ಇವೆ.

ಅದರ ದೌರ್ಬಲ್ಯ ಭಾಷೆಗಿಂತ ಹೆಚ್ಚಾಗಿ ಅದರ ಹಳೆಯ ಪಾಠಗಳದ್ದು. ‘ಪಿಎಚ್‌ಪಿಯಲ್ಲಿ ಶಾಪಿಂಗ್ ಕಾರ್ಟ್’ ಎಂದು ಹುಡುಕಿದವರಿಗೆ ಇಂದಿಗೂ ಸಿಗುವ ಅನೇಕ ಮಾದರಿಗಳು 2015ರ ಪಿಎಚ್‌ಪಿ 7ರಲ್ಲಿ ತೆಗೆದುಹಾಕಲಾದ ಹಳೆಯ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳನ್ನು ಬಳಸುತ್ತವೆ, ಗ್ರಾಹಕರು ಟೈಪ್ ಮಾಡಿದ್ದನ್ನು ಹಾಗೆಯೇ ಡೇಟಾಬೇಸಿನ ಆಜ್ಞೆಗೆ ಅಂಟಿಸುತ್ತವೆ, ಮತ್ತು ಬೆಲೆಯನ್ನು ಫಾರ್ಮಿನ ಅಡಗಿದ ಅಂಕಣದಲ್ಲಿಟ್ಟು ಅದನ್ನೇ ನಂಬುತ್ತವೆ. ಈ ಕೊನೆಯದಂತೂ ಕೊಳ್ಳುವವರ ಕೈಗೆ ಬೆಲೆಚೀಟಿ ಮತ್ತು ಪೆನ್ಸಿಲ್ ಎರಡನ್ನೂ ಕೊಟ್ಟಂತೆ. ಬ್ರೌಸರಿನಿಂದ ಬರಬೇಕಾದದ್ದು ಸಾಮಾನಿನ ಗುರುತು ಮತ್ತು ಎಷ್ಟು ಬೇಕೆಂಬ ಸಂಖ್ಯೆ ಮಾತ್ರ. ಬೆಲೆಯನ್ನು ಪ್ರತಿ ಸಲವೂ ಸರ್ವರ್ ತನ್ನ ಡೇಟಾಬೇಸಿನಿಂದಲೇ ಓದಬೇಕು. ಇನ್ನೊಂದು ಹಳೆಯ ಬಲೆಯೆಂದರೆ ಸಡಿಲ ಹೋಲಿಕೆ: 2020ರ ಪಿಎಚ್‌ಪಿ 8 ಬರುವವರೆಗೆ ಸೊನ್ನೆಯನ್ನು ಅಕ್ಷರದಿಂದ ಶುರುವಾಗುವ ಯಾವುದೇ ಪದದೊಡನೆ ಎರಡು ಸಮ ಚಿಹ್ನೆಗಳಿಂದ ಹೋಲಿಸಿದರೆ ‘ಎರಡೂ ಒಂದೇ’ ಎಂಬ ಉತ್ತರ ಬರುತ್ತಿತ್ತು. ಕೂಪನ್ ಸಂಕೇತವನ್ನು ಹೀಗೆ ಪರೀಕ್ಷಿಸಿದರೆ ಏನಾಗುತ್ತದೆಂದು ಊಹಿಸಬಹುದು. ಪಿಎಚ್‌ಪಿಯನ್ನು ಆರಿಸುವವರು ಹೊಸ ಆವೃತ್ತಿ, ಪಿಡಿಒ ಎಂಬ ಡೇಟಾಬೇಸ್ ಸೌಲಭ್ಯದ ಮೂಲಕ ಮೊದಲೇ ಸಿದ್ಧಪಡಿಸಿದ ಆಜ್ಞೆಗಳು, ಮೂರು ಸಮ ಚಿಹ್ನೆಗಳ ಕಟ್ಟುನಿಟ್ಟಿನ ಹೋಲಿಕೆ ಈ ಮೂರನ್ನು ಮೊದಲ ದಿನವೇ ರೂಢಿಸಿಕೊಂಡರೆ ಅರ್ಧ ಅಪಾಯ ಕಳೆಯುತ್ತದೆ.

ಅಂಗಡಿ ತುಸು ಬೆಳೆಯಬಹುದೆಂಬ ನಿರೀಕ್ಷೆ ಇದ್ದರೆ 2011ರಲ್ಲಿ ಬಂದ ಲಾರಾವೆಲ್ ಎಂಬ ಫ್ರೇಮ್‌ವರ್ಕ್ (ಸಾಮಾನ್ಯ ಭಾಗಗಳು ಸಿದ್ಧವಾಗಿರುವ ಚೌಕಟ್ಟು) ಮೇಲೆ ಕಟ್ಟುವುದು ಒಳ್ಳೆಯದು. ಆದರೆ ಇಮೇಲ್ ಕಳಿಸುವಂಥ ಕೆಲಸಗಳನ್ನು ಹಿನ್ನೆಲೆಯಲ್ಲಿ ಮಾಡಿಸುವ ಅದರ ಸರದಿಗೆ ಸದಾ ಓಡುತ್ತಿರುವ ಪ್ರಕ್ರಿಯೆ ಬೇಕು, ಹಂಚಿಕೆಯ ಹೋಸ್ಟಿಂಗಿನಲ್ಲಿ ಅದಕ್ಕೆ ಸಾಮಾನ್ಯವಾಗಿ ಅವಕಾಶವಿರುವುದಿಲ್ಲ. ಹಾಗಾದಾಗ ಪಿಎಚ್‌ಪಿಯ ಅಗ್ಗದ ಹೋಸ್ಟಿಂಗ್ ಎಂಬ ಮೊದಲ ಅನುಕೂಲವೇ ಸಡಿಲವಾಗುತ್ತದೆ.

ಪೈಥಾನ್

ಪೈಥಾನ್ ಎಂದಾಗ ಆಯ್ಕೆ ನಿಜಕ್ಕೂ ಎರಡು ಫ್ರೇಮ್‌ವರ್ಕ್‌ಗಳ ನಡುವೆ: ಜಾಂಗೊ ಮತ್ತು ಫ್ಲಾಸ್ಕ್. 2005ರಲ್ಲಿ ಹೊರಬಂದ ಜಾಂಗೊ ಹುಟ್ಟಿದ್ದು ಅಮೆರಿಕದ ಕಾನ್ಸಸ್ ರಾಜ್ಯದ ಒಂದು ಪತ್ರಿಕಾ ಸಂಸ್ಥೆಯಲ್ಲಿ. ಪ್ರೋಗ್ರಾಂ ಬರೆಯದ ಸಂಪಾದಕರೂ ತಾವಾಗಿ ಸುದ್ದಿ ಸೇರಿಸಲು, ತಿದ್ದಲು ಆಗಬೇಕೆಂಬ ಅಗತ್ಯದಿಂದ ಅದರ ಆಡಳಿತ ಪುಟ ಬೆಳೆಯಿತು. ಅಂಗಡಿಗೆ ಬೇಕಾದದ್ದೂ ಬಹುಮಟ್ಟಿಗೆ ಅದೇ. ಸಾಮಾನು, ಆರ್ಡರ್, ಗ್ರಾಹಕ ಎಂಬ ಮೂರು ಮಾದರಿಗಳನ್ನು ಬರೆದು ನೋಂದಾಯಿಸಿದರೆ, ಹುಡುಕುವ, ಸೋಸುವ, ತಿದ್ದುವ, ಯಾರು ಏನು ಮಾಡಬಹುದೆಂದು ಮಿತಿ ಹಾಕುವ ಹಿಂಬದಿ ಪುಟಗಳು ತಾವಾಗಿಯೇ ಸಿದ್ಧವಾಗುತ್ತವೆ. ಪಿಎಚ್‌ಪಿಯಲ್ಲಿ ಫ್ರೇಮ್‌ವರ್ಕ್ ಇಲ್ಲದೆ ಬರೆಯುವವರು ಅಂಗಡಿಗಿಂತ ಹೆಚ್ಚು ಸಮಯ ಸುರಿಯುವುದು ಈ ಪುಟಗಳ ಮೇಲೆಯೇ.

ಮೇಲೆ ಹೇಳಿದ ಕೊನೆಯ ನಗದ ಸಮಸ್ಯೆಗೂ ಜಾಂಗೊ ಸರಿಯಾದ ಕಡೆಗೆ ಕೈಹಿಡಿದು ನಡೆಸುತ್ತದೆ: ಕಳೆಯುವ ಲೆಕ್ಕವನ್ನು ಡೇಟಾಬೇಸೇ ಮಾಡುವಂತೆ ಬರೆಯುವ ಎಫ್ ಎಂಬ ಸೌಲಭ್ಯವಿದೆ, ಸಾಲನ್ನು ಬೀಗ ಹಾಕಿ ಓದುವ ವಿಧಾನವಿದೆ, ಎಲ್ಲವೂ ಆಗಬೇಕು ಇಲ್ಲವೇ ಏನೂ ಆಗಬಾರದು ಎಂಬ ವಹಿವಾಟಿನ ಕಟ್ಟನ್ನು ಒಂದೇ ಸಾಲಿನಲ್ಲಿ ಹಾಕಬಹುದು. ಬೆಲೆಗೆ ನಿಖರ ದಶಮಾಂಶದ ಅಂಕಣವಿದೆ. ಬೇರೆ ತಾಣವೊಂದು ನಿಮ್ಮ ಗ್ರಾಹಕರ ಹೆಸರಿನಲ್ಲಿ ಫಾರ್ಮ್ ಕಳಿಸುವುದನ್ನು ತಡೆಯುವ ಕಾವಲು ಮೊದಲಿನಿಂದಲೇ ಚಾಲೂ ಇರುತ್ತದೆ. ಅದರಿಂದಾಗಿಯೇ ಗೇಟ್‌ವೇಯ ವೆಬ್‌ಹುಕ್ ಕೂಡ ಮೊದಲ ದಿನ ಬಾಗಿಲಲ್ಲೇ ತಡೆಯಲ್ಪಡುತ್ತದೆ. ಆ ಒಂದು ವಿಳಾಸಕ್ಕೆ ಮಾತ್ರ ವಿನಾಯಿತಿ ಕೊಟ್ಟು, ಸಹಿ ಪರೀಕ್ಷೆಯನ್ನು ಅದರ ಜಾಗದಲ್ಲಿ ಇಡಬೇಕು.

ಇದಕ್ಕೆ ತೆರುವ ಬೆಲೆ ಎರಡು ಬಗೆಯದು. ಕಲಿಯುವ ಮೊದಲ ವಾರ ಭಾರವಾಗಿರುತ್ತದೆ, ಏಕೆಂದರೆ ಜಾಂಗೊ ತನ್ನದೇ ಕ್ರಮವನ್ನು ಅಪೇಕ್ಷಿಸುತ್ತದೆ. ಹೋಸ್ಟಿಂಗಿಗೂ ಫೈಲು ಏರಿಸಿದರೆ ಸಾಲದು: ಗುನಿಕಾರ್ನ್‌ನಂಥ ಸರ್ವರೊಂದನ್ನು ಓಡಿಸಿ, ಅದರ ಮುಂದೆ ಕೋರಿಕೆಗಳನ್ನು ಬರಮಾಡಿಕೊಳ್ಳುವ ಎನ್‌ಜಿನ್ಎಕ್ಸ್ ನಿಲ್ಲಿಸಿ, ಕೋಡ್ ಬದಲಾದಾಗಲೆಲ್ಲ ಮರುಚಾಲನೆ ಮಾಡಬೇಕು, ಅಥವಾ ಇದನ್ನೆಲ್ಲ ತಾವೇ ನೋಡಿಕೊಳ್ಳುವ ಸೇವೆಗೆ ತಿಂಗಳ ಶುಲ್ಕ ಕೊಡಬೇಕು. 2010ರಲ್ಲಿ ಬಂದ ಫ್ಲಾಸ್ಕ್ ಇದಕ್ಕಿಂತ ಹಗುರ, ಒಂದೇ ಫೈಲಿನಲ್ಲಿ ಅಂಗಡಿ ಆರಂಭವಾಗುತ್ತದೆ. ಆದರೆ ಆಡಳಿತ ಪುಟ, ಡೇಟಾಬೇಸ್ ಪದರ, ಫಾರ್ಮಿನ ಕಾವಲು ಎಲ್ಲವನ್ನೂ ನೀವೇ ಆರಿಸಿ ಜೋಡಿಸಬೇಕು. ಅದರ ಸೆಷನ್ ಗ್ರಾಹಕರ ಬ್ರೌಸರಿನ ಕುಕೀಯಲ್ಲೇ ಕೂರುತ್ತದೆಂಬುದನ್ನು ಮರೆಯಬಾರದು: ಸಹಿ ಇರುವುದರಿಂದ ಅದನ್ನು ತಿದ್ದಲಾಗದು, ಓದಲು ಮಾತ್ರ ಯಾರಿಗೂ ಅಡ್ಡಿಯಿಲ್ಲ. ಕಲಿಕೆಗೆ ಫ್ಲಾಸ್ಕ್, ವ್ಯಾಪಾರಕ್ಕೆ ಜಾಂಗೊ ಎಂಬುದು ನನ್ನ ನಿಲುವು, ಒಪ್ಪದವರು ಬಹಳ ಮಂದಿ ಇದ್ದಾರೆ.

ನೋಡ್

2009ರಲ್ಲಿ ರಯಾನ್ ಡಾಲ್ ಪರಿಚಯಿಸಿದ ನೋಡ್ ಮತ್ತು ಅದರ ಮೇಲಿನ ಎಕ್ಸ್‌ಪ್ರೆಸ್ ಫ್ರೇಮ್‌ವರ್ಕ್ ಜೋಡಿಯ ಆಕರ್ಷಣೆ ಸ್ಪಷ್ಟ: ಬ್ರೌಸರಿನಲ್ಲಿ ಹೇಗೂ ಜಾವಾಸ್ಕ್ರಿಪ್ಟ್ ಬರೆಯಬೇಕು, ಸರ್ವರಿನಲ್ಲೂ ಅದೇ ಇದ್ದರೆ ಕಲಿಯುವುದು ಒಂದೇ ಭಾಷೆ. ಗೇಟ್‌ವೇಗಳ ಕೈಪಿಡಿಗಳಲ್ಲಿ ನೋಡ್ ಉದಾಹರಣೆಗಳು ಹೇರಳ. ಈಗಾಗಲೇ ಮುಂಬದಿಯ ಕೆಲಸ ಬಲ್ಲವರಿಗೆ ಮೊದಲ ಕಾರ್ಟ್ ಅತಿ ಬೇಗ ಎದ್ದು ನಿಲ್ಲುವುದು ಇಲ್ಲಿಯೇ.

ಆದರೆ ‘ನೋಡ್ ಒಂದೇ ಎಳೆಯಲ್ಲಿ ಓಡುತ್ತದೆ, ಹಾಗಾಗಿ ಇಬ್ಬರು ಒಟ್ಟಿಗೆ ಕೊಳ್ಳುವ ಸಮಸ್ಯೆಯೇ ಇಲ್ಲ’ ಎಂಬ ಮಾತನ್ನು ನಂಬಬೇಡಿ. ಸ್ಟಾಕ್ ಎಷ್ಟೆಂದು ಡೇಟಾಬೇಸನ್ನು ಕೇಳಿ ಉತ್ತರಕ್ಕೆ ಕಾಯುವ ಅವೇಟ್ ಎಂಬ ಜಾಗದಲ್ಲಿ ನೋಡ್ ಸುಮ್ಮನೆ ಕೂರುವುದಿಲ್ಲ, ಮುಂದಿನ ಗ್ರಾಹಕರ ಕೋರಿಕೆಯನ್ನು ಎತ್ತಿಕೊಳ್ಳುತ್ತದೆ. ಮೇಲಿನ ಕೊನೆಯ ನಗದ ಕಥೆ ಅಲ್ಲಿ ಹಾಗೆಯೇ ನಡೆಯುತ್ತದೆ. ಪ್ರಕ್ರಿಯೆ ಒಂದೇ ಆಗಿರುವುದರಿಂದ ಯಾರೂ ಹಿಡಿಯದ ದೋಷವೊಂದು ಎದ್ದರೆ ಪಿಎಚ್‌ಪಿಯಲ್ಲಿ ಆಗುವಂತೆ ಒಬ್ಬರ ಪುಟ ಕೆಡುವುದಿಲ್ಲ, ಅಂಗಡಿಯೇ ಬಾಗಿಲು ಹಾಕುತ್ತದೆ. ಬಿದ್ದೊಡನೆ ಎಬ್ಬಿಸುವ ಮೇಲ್ವಿಚಾರಕ ಪ್ರೋಗ್ರಾಂ ಬೇಕೇ ಬೇಕು. ಎಕ್ಸ್‌ಪ್ರೆಸ್‌ನೊಂದಿಗೆ ಬಳಸುವ ಸೆಷನ್ ಲೈಬ್ರರಿ ಏನೂ ಹೇಳದಿದ್ದರೆ ಕಾರ್ಟನ್ನು ಮೆಮೊರಿಯಲ್ಲೇ ಇಡುತ್ತದೆ, ಹಾಗಾಗಿ ಹೀಗೆ ಬಿದ್ದೆದ್ದಾಗ ಎಲ್ಲರ ಕಾರ್ಟ್‌ಗಳೂ ಖಾಲಿಯಾಗಿರುತ್ತವೆ. ನಿಜವಾದ ವ್ಯಾಪಾರಕ್ಕೆ ಆ ವ್ಯವಸ್ಥೆ ತಕ್ಕದ್ದಲ್ಲವೆಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ.

ಅವಲಂಬನೆಗಳ, ಅಂದರೆ ಬೇರೆಯವರಿಂದ ಪಡೆದು ಬಳಸುವ ಪ್ಯಾಕೇಜುಗಳ, ಸಂಖ್ಯೆಯೂ ಇಲ್ಲಿ ಹೆಚ್ಚು. 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಎಂಬ ಹನ್ನೊಂದು ಸಾಲಿನ ಪ್ಯಾಕೇಜನ್ನು ಅದರ ಕರ್ತೃ ಹಿಂತೆಗೆದುಕೊಂಡಾಗ ಜಗತ್ತಿನಾದ್ಯಂತ ಅಸಂಖ್ಯ ಯೋಜನೆಗಳು ಕಟ್ಟಲಾಗದೆ ನಿಂತವು. ಆ ನಂತರ ನಿಯಮ ಬಿಗಿಯಾಗಿದೆ, ಆದರೂ ನಿಮ್ಮ ಸಣ್ಣ ಅಂಗಡಿ ನೂರಾರು ಅಪರಿಚಿತರ ಕೋಡ್ ಮೇಲೆ ನಿಂತಿರುತ್ತದೆ ಎಂಬುದು ಬದಲಾಗಿಲ್ಲ. ಪೈಥಾನಿನ ಒಂದು ಆವೃತ್ತಿಗೆ ಐದು ವರ್ಷ, ಪಿಎಚ್‌ಪಿಗೆ ಈಗ ನಾಲ್ಕು ವರ್ಷ ಭದ್ರತಾ ತಿದ್ದುಪಡಿ ಸಿಗುವಾಗ, ನೋಡ್‌ನ ದೀರ್ಘ ಬೆಂಬಲದ ಆವೃತ್ತಿಗೆ ಸಿಗುತ್ತಾ ಬಂದಿರುವುದು ಸುಮಾರು ಎರಡೂವರೆ ವರ್ಷ.

ರೂಬಿ, ಮತ್ತು ಬರೆಯದೇ ಇರುವ ದಾರಿ

ರೂಬಿಯ ಫ್ರೇಮ್‌ವರ್ಕ್ ಆದ ರೂಬಿ ಆನ್ ರೇಲ್ಸ್ ಕುರಿತು ಹೇಳಬೇಕಾದದ್ದು ಕಡಿಮೆ, ಅದು ಒಳ್ಳೆಯದಲ್ಲವೆಂದಲ್ಲ. 2004ರಲ್ಲಿ ಸ್ನೋಬೋರ್ಡ್ ಮಾರಲು ಕಟ್ಟಿದ ಆನ್‌ಲೈನ್ ಅಂಗಡಿಯೊಂದರ ರೇಲ್ಸ್ ಕೋಡೇ ಮುಂದೆ ಶಾಪಿಫೈ ಎಂಬ ಬಾಡಿಗೆ ಅಂಗಡಿ ಸೇವೆಯಾಗಿ ಬೆಳೆಯಿತೆಂಬುದು ಈ ಕೆಲಸಕ್ಕೆ ಅದರ ಯೋಗ್ಯತೆಗೆ ಸಾಕ್ಷಿ. ಹೋಸ್ಟಿಂಗ್ ಮತ್ತು ಕಲಿಕೆಯ ಭಾರದಲ್ಲಿ ಅದು ಜಾಂಗೊಗೆ ಸಮ, ಸಿದ್ಧ ಆಡಳಿತ ಪುಟ ಮಾತ್ರ ಅದರ ಪೆಟ್ಟಿಗೆಯೊಳಗೆ ಬರುವುದಿಲ್ಲ. ರೂಬಿ ಈಗಾಗಲೇ ಬಲ್ಲವರು ಬೇರೆಡೆ ಹೋಗುವ ಕಾರಣವಿಲ್ಲ. ಅಂಗಡಿಗಾಗಿಯೇ ಹೊಸದಾಗಿ ಕಲಿಯುವವರಿಗೆ ಮುಂದೆ ಕೈಜೋಡಿಸುವ ಜನ ಸಿಗುತ್ತಾರೆಯೇ ಎಂದು ಮೊದಲು ವಿಚಾರಿಸಲು ಹೇಳುತ್ತೇನೆ.

ಇನ್ನೊಂದು ದಾರಿ ಅಂಗಡಿಯನ್ನು ಬರೆಯದೇ ಇರುವುದು. ವರ್ಡ್‌ಪ್ರೆಸ್ ಎಂಬ ತಾಣ ಕಟ್ಟುವ ತಂತ್ರಾಂಶದ ಮೇಲೆ ಕೂರುವ, 2011ರಲ್ಲಿ ಬಂದ ವೂಕಾಮರ್ಸ್ ಪಿಎಚ್‌ಪಿಯಲ್ಲೇ ಬರೆದದ್ದು, ಉಚಿತವಾಗಿ ಸಿಗುತ್ತದೆ, ಅಗ್ಗದ ಹೋಸ್ಟಿಂಗಿನಲ್ಲೂ ಓಡುತ್ತದೆ. ಕೂಪನ್, ಸಾಗಣೆ ವೆಚ್ಚ, ತೆರಿಗೆ, ರೀಫಂಡ್ ಎಲ್ಲವೂ ಅದರಲ್ಲಿವೆ, ನೀವು ಬರೆಯುವುದು ನಿಮ್ಮ ಅಂಗಡಿಗೆ ವಿಶೇಷವಾದ ಸಣ್ಣ ತುಣುಕನ್ನಷ್ಟೇ. ತೊಂದರೆ ಅದಕ್ಕೆ ಜೋಡಿಸಿಕೊಳ್ಳುವ ಪ್ಲಗಿನ್‌ಗಳದ್ದು: ಒಂದೊಂದೂ ಬೇರೆ ಬೇರೆಯವರು ಬರೆದದ್ದು, ಒಂದೊಂದಕ್ಕೂ ತಿದ್ದುಪಡಿ ಹಾಕುತ್ತಿರಬೇಕು, ಮತ್ತು ಒಂದರ ಹೊಸ ಆವೃತ್ತಿ ಇನ್ನೊಂದನ್ನು ಮುರಿಯುವುದು ಅಪರೂಪವಲ್ಲ. ಶಾಪಿಫೈನಂಥ ಬಾಡಿಗೆ ಅಂಗಡಿಗಳಲ್ಲಿ ಈ ತಲೆನೋವೂ ಇಲ್ಲ, ತಿಂಗಳ ಬಾಡಿಗೆ ಇದೆ; ಮಾರಾಟ ಕಡಿಮೆ ಇರುವ ತಿಂಗಳಲ್ಲೂ ಅದು ತಪ್ಪುವುದಿಲ್ಲ, ಮತ್ತು ಅವರು ಬಿಡದ ಬದಲಾವಣೆಯನ್ನು ನೀವು ಮಾಡಲಾಗದು.

ಡೇಟಾಬೇಸಿನ ಬಗ್ಗೆ ಒಂದು ಮಾತು ಇಲ್ಲೇ ಸೇರಿಸುತ್ತೇನೆ. ಸಣ್ಣ ಅಂಗಡಿಗೆ ಎಸ್‌ಕ್ಯೂಲೈಟ್ ಧಾರಾಳವಾಗಿ ಸಾಕು; ಅದರಲ್ಲಿ ಒಂದು ಸಲಕ್ಕೆ ಒಬ್ಬರೇ ಬರೆಯಬಹುದಾದರೂ ಆ ಬರಹ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಮೈಎಸ್‌ಕ್ಯೂಎಲ್ ಬಳಸುವವರು ತಮ್ಮ ಟೇಬಲ್‌ಗಳು ಇನ್ನೋಡಿಬಿ ಬಗೆಯವೆಂದು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಹಳೆಯ ಮೈಐಸ್ಯಾಮ್ ಬಗೆಯಲ್ಲಿ ವಹಿವಾಟಿನ ಕಟ್ಟು ಎಂಬುದೇ ಇಲ್ಲ.

ಯಾರಿಗೆ ಯಾವುದು

ಹೋಸ್ಟಿಂಗಿಗೆ ಹಣ ತೀರಾ ಕಡಿಮೆ, ಸಾಮಾನು ಇಪ್ಪತ್ತರೊಳಗೆ, ನೋಡಿಕೊಳ್ಳುವವರು ಒಬ್ಬರೇ ಎಂದಾದರೆ ಫ್ರೇಮ್‌ವರ್ಕ್ ಇಲ್ಲದ ಹೊಸ ಪಿಎಚ್‌ಪಿ ಸಾಕು, ಬೆಲೆ ಮತ್ತು ಸ್ಟಾಕಿನ ನಿಯಮಗಳನ್ನು ಪಾಲಿಸಿದ್ದರೆ. ಅಂಗಡಿಯನ್ನು ದಿನವೂ ತೆರೆದು ನೋಡುವವರು ಪ್ರೋಗ್ರಾಂ ಬರೆಯದವರಾಗಿದ್ದರೆ, ಅಥವಾ ಇಬ್ಬರು ಮೂವರು ಬೇರೆ ಬೇರೆ ಅಧಿಕಾರದೊಂದಿಗೆ ಹಿಂಬದಿಯನ್ನು ಬಳಸುವುದಿದ್ದರೆ, ಜಾಂಗೊ ತನ್ನ ಹೋಸ್ಟಿಂಗಿನ ಹೆಚ್ಚುವರಿ ಖರ್ಚನ್ನು ಉಳಿಸಿದ ವಾರಗಳಲ್ಲಿ ತೀರಿಸುತ್ತದೆ. ಬ್ರೌಸರಿನಲ್ಲಿ ಗ್ರಾಹಕರು ತಾವೇ ವಿನ್ಯಾಸ ಮಾಡಿಕೊಳ್ಳುವಂಥ ಸಾಮಾನು ನಿಮ್ಮದಾಗಿದ್ದು, ಬೆಲೆಯನ್ನು ಎರಡೂ ಬದಿಯಲ್ಲಿ ಒಂದೇ ಕೋಡಿನಿಂದ ಲೆಕ್ಕಹಾಕಬೇಕಿದ್ದರೆ, ನೋಡ್‌ಗೆ ಬೇರೆಯವುಗಳಿಗಿಲ್ಲದ ಅರ್ಥ ಬರುತ್ತದೆ; ಆಗಲೂ ಕೊನೆಯ ಮಾತು ಸರ್ವರಿನದ್ದೇ ಇರಲಿ. ಬರೆಯುವುದರಲ್ಲಿ ಆಸಕ್ತಿಯೇ ಇಲ್ಲ, ಮಾರುವುದು ಮಾತ್ರ ಬೇಕು ಎನ್ನುವವರು ವೂಕಾಮರ್ಸ್ ಮತ್ತು ಬಾಡಿಗೆ ಅಂಗಡಿಗಳ ನಡುವೆ ಆರಿಸಲಿ: ಬಿಡುವು ಇದ್ದರೆ ಮೊದಲನೆಯದು, ಹಣ ಇದ್ದರೆ ಎರಡನೆಯದು.

ಎರಡರ ನಡುವೆ ಇನ್ನೂ ಮನಸ್ಸು ತೂಗುತ್ತಿದ್ದರೆ ಎರಡರಲ್ಲೂ ಒಂದೇ ಸಾಮಾನಿನ ಅಂಗಡಿ ಬರೆದು ನೋಡಿ. ಸ್ಟಾಕ್ ಒಂದು ಎಂದಿಟ್ಟು, ಎರಡು ಬ್ರೌಸರುಗಳಿಂದ ಒಟ್ಟಿಗೆ ಕೊಳ್ಳಲು ಯತ್ನಿಸಿ, ಗೇಟ್‌ವೇಯ ಪರೀಕ್ಷಾ ಖಾತೆಯಿಂದ ಒಂದೇ ವೆಬ್‌ಹುಕ್ಕನ್ನು ಎರಡು ಸಲ ಕಳಿಸಿ, ಕೊನೆಗೆ ಆ ಆರ್ಡರನ್ನು ರದ್ದು ಮಾಡಿ ಹಣ ಹಿಂದಿರುಗಿಸಿ. ಇಷ್ಟಾದ ಮೇಲೆ ಸ್ಟಾಕ್ ಮತ್ತೆ ಒಂದಕ್ಕೆ ಬಂದು ನಿಂತಿದೆಯೇ, ಅದನ್ನು ಅಲ್ಲಿಗೆ ತರಲು ಯಾವುದರಲ್ಲಿ ನಿಮಗೆ ಕಡಿಮೆ ಸಂಜೆಗಳು ಹಿಡಿದವು ಎಂದು ನೋಡಿಕೊಳ್ಳಿ.